ಅತ್ತೆ ಕಾಶಿಯಲ್ಲಿ ಬಿಟ್ಟು ಬಂದ ಮಾವಿನಹಣ್ಣು

ಅತ್ತೆ,

ನಿನಗೆ ಕಾಗದ ಬರೆಯಲು ಕೂತರೆ ಮೊದಲು ನೆನಪಾಗುವುದು ಹರಿಹರದ ಮನೆಯ ಅಕ್ಕಿ ಡಬ್ಬಿ. ಬಾದಾಮಿ ಮಾವು ತಂದ ದಿನ ಒಂದನ್ನು ಅದರೊಳಗೆ ಹುಗಿದಿಟ್ಟು, ನಾನು ಶಾಲೆಗೆ ಹೋದ ಮೇಲೆ ನೀನೊಬ್ಬಳೇ ತಿನ್ನುತ್ತಿದ್ದೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು, ತನ್ನ ಪಾಲಿನ ರೊಟ್ಟಿಯನ್ನೂ ನನ್ನ ತಟ್ಟೆಗೆ ಹಾಕಿದವಳು, ಮಾವಿನ ವಿಷಯದಲ್ಲಿ ಮಾತ್ರ ಮಹಾ ಜಿಪುಣಿ! ಒಮ್ಮೆ ಸಿಕ್ಕಿಬಿದ್ದಾಗ ಗೊರಟೆ ಚೀಪುತ್ತಲೇ "ಏನ್ ನೋಡ್ತೀಯೇ ಸುಮೀ? ನನಗೂ ಒಂದು ಬಾಯಿ ಐತೆ" ಅಂದೆ. "ಒಂದೇ ಒಂದು ಹೋಳು ಕೊಡು ಅತ್ತಿ, ದೊಡ್ಡಾಕಿ ಆದಮ್ಯಾಲೆ ನಿನ್ನ ಕಾಶಿಗೆ ಕರ್ಕೊಂಡು ಹೋಗ್ತೀನಿ" ಎಂದು ನಾನು ಗೋಗರೆದೆ. ನೀನು ಕೊಟ್ಟೆ. ಹೋಳನ್ನು ಆಗಲೇ ತಿಂದು ಮುಗಿಸಿದೆ. ಕಾಶಿ ಮಾತ್ರ...

ನಿನ್ನ ಮೊಣಕಾಲು ಸೋತ ಮೇಲೆ ದಾವಣಗೆರೆಗೆ ಕರೆತಂದೆ. ನನ್ನ ಮನೆಗಲ್ಲ, ದೇವರಾಜ ಅರಸು ಬಡಾವಣೆಯಲ್ಲಿ ನಾನು ಕೆಲಸಕ್ಕಿರುವ ವೃದ್ಧಾಶ್ರಮಕ್ಕೆ. ನಮ್ಮ ಮನೆಗೆ ಮೆಟ್ಟಿಲು ಬಹಳ ಎಂದಿದ್ದೆ. ಎಷ್ಟು ಮೆಟ್ಟಿಲು ಎಂದು ನೀನು ಯಾಕೆ ಕೇಳಲಿಲ್ಲ? ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಹೋದ ಶಿವರಾತ್ರಿಗೆ ಅಲ್ಲಿನವರಿಗೆಲ್ಲ 'ಕೂತಲ್ಲೇ ಕಾಶಿಯಾತ್ರೆ' ಮಾಡಿಸೋಣ ಎಂದು ನನಗೆ ಹೊಳೆದದ್ದು ನೆನಪಿದೆಯಾ? ಪ್ರವಾಸಕ್ಕೆ ಹೋಗಿ ಬಂದವರೊಬ್ಬರ ವಿಡಿಯೊ ಕ್ಯಾಸೆಟ್ ಸಿಕ್ಕಿತ್ತು. ಬಾಡಿಗೆಗೆ ಕಲರ್ ಟಿವಿ, ಕ್ಯಾಸೆಟ್ ಹಾಕಲು ವಿಸಿಪಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಎರಡು ಸಾಲು ಹಾಕುವುದು, ಹಳೇ ಕ್ಯಾಲೆಂಡರ್ ಕತ್ತರಿಸಿ ಟಿಕೆಟ್ ಮಾಡುವುದು, ಮಧ್ಯದಲ್ಲಿ ಪೂರಿ, ಪಲ್ಯ. ಕಾಶಿಯಲ್ಲಿ ಇನ್ನೇನು ಮಾಡ್ತಾರೆ ಎಂದು ನಿನ್ನನ್ನು ಕೇಳಿದೆ. ಅವರೆಕಾಯಿ ಬಿಡಿಸುತ್ತಿದ್ದ ನಿನ್ನ ಕೈ ನಿಂತಿತು. "ಇಷ್ಟ ಆದದ್ದು ಏನಾರ ಬಿಟ್ಟು ಬರ್ತಾರೆ. ಬಿಟ್ಟಮ್ಯಾಲೆ ಸಾಯತನಕ ಮುಟ್ಟಂಗಿಲ್ಲ" ಅಂದೆ. ಒಳ್ಳೆ ತಮಾಷೆಯಾಗುತ್ತದೆ ಎಂದು ಅದನ್ನೂ ಸೇರಿಸಿಕೊಂಡೆ.

ಆ ದಿನ ಎಲ್ಲರಿಗಿಂತ ಮೊದಲು ರೇಷ್ಮೆ ಸೀರೆ ಉಟ್ಟು ಬಂದು ಕಿಟಕಿ ಪಕ್ಕದ ಕುರ್ಚಿ ಹಿಡಿದವಳು ನೀನು. ಕಂಡಕ್ಟರ್ ನಮ್ಮ ರಹಮಾನ್ ಸಾಬ್ರು. ಆಶ್ರಮ ಸೇರುವ ಮೊದಲು ಖಾಸಗಿ ಬಸ್ಸಿನಲ್ಲಿ ಅದೇ ಕೆಲಸ ಮಾಡಿದವರು, ಸೀಟಿ ಊದಿದ್ದೇ ತಡ, ಹಳೇ ಚಾಳಿಗೆ "ಹರಿಹರ, ಹರಿಹರ, ಯಾರ್ರೀ ಹರಿಹರಾ" ಎಂದು ಕೂಗಿಬಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಟಿವಿಯಲ್ಲಿ ಗಂಗೆ ಬಂದಾಗ, ಈಗ ಎಲ್ಲರೂ ಒಂದೊಂದು ಬಿಡಬೇಕು ಎಂದೆ. ಒಬ್ಬರು ಹಾಗಲಕಾಯಿ ಬಿಟ್ಟರು, ಇನ್ನೊಬ್ಬರು ಸೊಸೆ ಮಾಡಿದ ಅಡಿಗೆ ಬಿಟ್ಟರು. ನಾನು "ಚಾ ಬಿಟ್ಟೆ!" ಎಂದು ಎರಡೂ ಕೈ ಎತ್ತಿದೆ. ಚಪ್ಪಾಳೆ ಬಿತ್ತು. ನೀನು ಕಣ್ಣು ಮುಚ್ಚಿ, ಕೈ ಮುಗಿದು, ಮೆಲ್ಲಗೆ "ಮಾವಿನಹಣ್ಣು" ಅಂದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಬರುವುದರೊಳಗೆ ನಾನು ನಿನ್ನ ಎದುರೇ ನಿಂತು ಚಹಾ ಕುಡಿಯುತ್ತಿದ್ದೆ. ನೀನು ನೋಡಿದೆ. ಅಂತೂ ಅತ್ತೆಗೆ ಕಾಶಿ ತೋರಿಸಿದೆನಲ್ಲ ಎಂದು ಆವತ್ತೇ ಕೈತೊಳೆದುಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಬೇಸಿಗೆಯಲ್ಲಿ ಮಾವು ಹೆಚ್ಚಿಕೊಂಡು ಊಟದ ಕೋಣೆಗೆ ಬಂದೆ. ತಟ್ಟೆಯನ್ನು ನೀನು ಪಕ್ಕದವರ ಕಡೆಗೆ ಸರಿಸಿದೆ. ನಾನು ರೇಗಿದೆ. ಅಷ್ಟು ಜನರ ಮುಂದೆ "ಹುಚ್ಚು ಹಿಡಿದೈತೇನು ನಿನಗ? ಅದು ಟಿವಿ ಅತ್ತಿ! ಬಾಡಿಗಿ ಟಿವಿ!" ಎಂದು ಕಿರುಚಿದೆ. ಉಣ್ಣುತ್ತಿದ್ದವರ ಕೈ ನಿಂತುಹೋಯಿತು. ನೀನು ಮಾತ್ರ ಶಾಲೆಯಿಂದ ಬಂದ ಹುಡುಗಿಗೆ ಹೇಳುವಂತೆ ಹೇಳಿದೆ. "ನನಗ ಗೊತ್ತಿಲ್ಲೇನೆ ಸುಮೀ? ಕರೆಂಟ್ ಹೋತು, ಕಾಶಿನೂ ಹೋತು. ಆದ್ರೆ ಕೈ ಮುಗಿದಾಕಿ ನಾನು ಅಲ್ಲೇ ಇದ್ನಲ್ಲ. ನಾನು ಬಿಟ್ಟದ್ದೂ ಸುಳ್ಳೇನು?"

ನಾನೇನು ಹೇಳಬೇಕಿತ್ತು ಅತ್ತೆ? ತಪ್ಪಾಯಿತು ಅನ್ನಬಹುದಿತ್ತು. ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದೆ, ಅಷ್ಟೆ. ಆ ಸಲದ ಮಾವು ಮುಗಿಯಿತು, ನೀನು ಒಂದು ಹೋಳನ್ನೂ ಮುಟ್ಟಲಿಲ್ಲ. ಶ್ರಾವಣದಲ್ಲಿ ಹೊರಟೇಬಿಟ್ಟೆ. ಅಕ್ಕಿ ಡಬ್ಬಿಯಲ್ಲಿ ಹಣ್ಣು ಬಚ್ಚಿಡುತ್ತಿದ್ದವಳು, ನನ್ನ ಸುಳ್ಳು ಕಾಶಿಗಾಗಿ...

ನಿನ್ನನ್ನು ಹರಿಹರದಲ್ಲಿ ಮಣ್ಣು ಮಾಡಿ ಬಂದಾಗ ಯಾರೋ ಚಹಾ ಕೊಟ್ಟರು. ಲೋಟ ಬಾಯಿವರೆಗೆ ಬಂತು, ಕುಡಿಯಲಾಗಲಿಲ್ಲ. ಅವತ್ತಿನಿಂದ ಬಿಟ್ಟಿದ್ದೇನೆ. ತಲೆ ನೋಯುತ್ತದೆ, ಎಲ್ಲರ ಮೇಲೂ ಸಿಡುಕುತ್ತೇನೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅಷ್ಟೇ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಮೊನ್ನೆ ಆಶ್ರಮದವರನ್ನು ನಿಜವಾದ ಬಸ್ಸಿನಲ್ಲೇ ಹರಿಹರಕ್ಕೆ ಕರೆದೊಯ್ದೆ. ಹೊಳೆಯಲ್ಲಿ ಎಲ್ಲರೂ ಕಾಲು ನೆನೆಸಿದರು. ಇಷ್ಟು ಹತ್ತಿರದ ಊರಿಗೆ ನೀನಿದ್ದಾಗ ಯಾಕೆ ಹೊರಡಲಿಲ್ಲವೋ! ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಅಂಗಡಿಯಾಕೆ ನನಗೂ ಚಹಾ ಹಿಡಿದಳು.

"ಬ್ಯಾಡವ್ವ, ಕಾಶ್ಯಾಗೆ ಬಿಟ್ಟು ಬಂದೀನಿ" ಅಂದೆ.

"ಹೌದೇನ್ರಿ! ಯಾವಾಗ ಹೋಗಿದ್ರಿ?"

"ಹೋದ ಶಿವರಾತ್ರಿಗೆ. ನಮ್ಮ ಅತ್ತಿ ಕರ್ಕೊಂಡು ಹೋಗಿದ್ಲು."

ಆಕೆ ನಂಬಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಪಕ್ಕದಲ್ಲಿ ಚಹಾ ಆರಿಸುತ್ತಿದ್ದ ರಹಮಾನ್ ಸಾಬ್ರು ಲೋಟ ಕೆಳಗಿಟ್ಟು ಹೇಳಿದರು:

"ಖರೇನವ್ವ. ಟಿಕೆಟ್ ನಾನೇ ಹರ್ದು ಕೊಟ್ಟೀನಿ."

ನಿನ್ನ
ಸುಮಿ