ಓರೆಯಾದ ಮೂರು ಮೆಟ್ಟಿಲು

ಶನಿವಾರ, ಮೇ ೧೮

ಹೊಸ ಕನ್ನಡಕಕ್ಕೆ ನಾಲ್ಕು ದಿನ. ನೆಲ ಇನ್ನೂ ಎಡಕ್ಕೆ ವಾಲುತ್ತಿದೆ. ನನ್ನ ಕಣ್ಣಿನ ಮುಂಭಾಗ ಸರಿಯಾಗಿ ದುಂಡಗಿಲ್ಲವಂತೆ, ಅದಕ್ಕೇ ಈ ಗಾಜು; ಕಣ್ಣಿಗೆ ಒಗ್ಗುವವರೆಗೆ ಎಲ್ಲ ಓರೆಯಾಗಿ ಕಾಣುತ್ತದಂತೆ.

ನಾಳೆ ಅಕ್ಕ ಬೊಡಿಲ್‌ಳ ಮೊಮ್ಮಗಳ ದೀಕ್ಷಾಸ್ನಾನ. ಧರ್ಮತಾಯಿ ನಾನು. ಮಗುವನ್ನೆತ್ತಿಕೊಂಡು ಚರ್ಚಿನ ಮೂರು ಕಲ್ಲುಮೆಟ್ಟಿಲು ಹತ್ತಬೇಕು. ಮಗುವಿಗೆ ತೊಡಿಸುವ ಮನೆತನದ ಉದ್ದನೆಯ ಬಿಳಿ ನಿಲುವಂಗಿ ನನ್ನ ಮೊಣಕಾಲಿನವರೆಗೂ ಇಳಿಬೀಳುತ್ತದೆ, ಪಾದವೇ ಕಾಣುವುದಿಲ್ಲ.

ಮಧ್ಯಾಹ್ನ ಐದು ಕಿಲೋ ಹಿಟ್ಟಿನ ಚೀಲಕ್ಕೆ ಮೇಜುಬಟ್ಟೆ ಸುತ್ತಿ ಅಭ್ಯಾಸಕ್ಕೆ ಹೋದೆ. ಎರಡನೆಯ ಮೆಟ್ಟಿಲು ಎತ್ತರವಾಗಿ ಕಂಡಿತು. ಅಷ್ಟೆತ್ತರ ಕಾಲೆತ್ತಿಟ್ಟರೆ ಅದು ಕೆಳಗಿತ್ತು. ಮುಗ್ಗರಿಸಿದೆ. ಚೀಲ ಬಿದ್ದು ಒಡೆಯಿತು.

ಗಂಟೆ ಬಾರಿಸುವ ವೆರ್ನರ್ ನಕ್ಕ. "ಏನಕ್ಕಾ, ಹಿಟ್ಟಿಗೂ ದೀಕ್ಷಾಸ್ನಾನಾನಾ? ಹೆಸರೇನಿಟ್ಟೆ?"

"ಬಾಯಿ ಮುಚ್ಚೋ. ಅದು ಮಗು ಆಗಿದ್ದಿದ್ರೆ?"

"ಹಾಗಾದ್ರೆ ಕನ್ನಡಕ ತೆಗೆದಿಟ್ಟು ಹತ್ತು."

"ತೆಗೆದ್ರೆ ಮೆಟ್ಟಿಲೆಲ್ಲ ಮಂಜುಮಂಜು ಕಣೋ."

ಅವನು ಹೋದ ಮೇಲೆ ಮಂಡಿಯೂರಿ ಹಿಟ್ಟು ಬಳಿದು ತೆಗೆದೆ. ಇಪ್ಪತ್ತು ವರ್ಷ ಪ್ರತಿ ಶನಿವಾರ ನಾನೇ ತೊಳೆದ ಮೆಟ್ಟಿಲುಗಳು. ಕಲ್ಲು ಸವೆದ ಕುಳಿ ಎಲ್ಲೆಲ್ಲಿದೆ ಎಂದು ಕೈಗೆ ಗೊತ್ತಿತ್ತು. ಎದ್ದು ಕಣ್ಣು ಮುಚ್ಚಿ ಮೂರು ಸಲ ಹತ್ತಿದೆ. ಒಮ್ಮೆಯೂ ಕಾಲು ತಪ್ಪಲಿಲ್ಲ.

ಆದರೆ ಚೀಲ ಒದೆಯುವುದಿಲ್ಲ, ಮಗು ಒದೆಯುತ್ತದೆ.

ನಾಳೆ ಆ ಮೂರು ಮೆಟ್ಟಿಲಿಗೆ ಕಣ್ಣು ಮುಚ್ಚುತ್ತೇನೆ. ನೋಡಿದವರು ಪ್ರಾರ್ಥಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅದೇನೂ ಸುಳ್ಳಲ್ಲ.