ಕಾಡುಹೂವಿಗೆ ಕಟ್ಟಿದ ಕವರ್

ಅಕ್ಕಾ,

ಹಾಲು ಕಾಯಿಸಿಟ್ಟಿದ್ದೀನಿ. ಛತ್ರಿ ನಾನು ತಗೊಂಡು ಹೋಗ್ತಿದ್ದೀನಿ, ನೀನು ಅಂಗಡಿಗೆ ರೇನ್‌ಕೋಟ್ ಹಾಕ್ಕೊಂಡು ಹೋಗು.

ಬೇಲಿ ಪಕ್ಕದ ಕಾಡುಹೂವಿನ ಒಣಗಿದ ಮುಳ್ಳುಮುಳ್ಳು ಬೀಜದ ಗೊಂಡೆಗಳಿಗೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿದವಳು ನೀನೇ. ಹೊಲಿಗೆ ದಾರದ ಆ ಗಂಟು ಇನ್ಯಾರಿಗೆ ಬರುತ್ತೆ? ಬೇಸಿಗೇಲಿ ಹೀಗೆ ಮಳೆ ಹಿಡಿದರೆ ನಾನು ಬೀಜದ ಚಿಂತೇಲಿ ಒದ್ದಾಡ್ತೀನಿ ಅಂತ ಕಟ್ಟಿದ್ದೀಯ, ಗೊತ್ತು. ಆದರೆ ಒಳಗೇ ಬೆವೆತು ಎರಡಕ್ಕೆ ಬೂಷ್ಟು ಹಿಡಿದಿದೆ. ಎಲ್ಲಾ ಬಿಚ್ಚಿದ್ದೀನಿ. ಮತ್ತೆ ಕಟ್ಟಬೇಡ, ನೆನೆದರೂ ಗಾಳಿಗೆ ಒಣಗ್ತವೆ. ಒಂದು ಸಲ ಹೋಗಿ ನೋಡು, ಒಂದೊಂದು ಮುಳ್ಳಿನ ತುದೀಲೂ ಒಂದೊಂದು ಹನಿ. ಹೂವಾಗಿದ್ದಾಗಲೂ ಇಷ್ಟು ಚೆಂದ ಇರಲಿಲ್ಲ.

ಅಲ್ಲಾಡಿಸಿದಾಗ ಒಳಗೆ ಬೀಜ ಗಿಲಗಿಲ ಅಂದರೆ ಮಾತ್ರ ಕೊಯ್ಯಿ. ಸಂಜೆ ನಾನು ಬರದಿದ್ದರೆ ನೀನೇ ನೋಡ್ಕೋಬೇಕು.

ನಿನ್ನೆ ಆಸ್ಪತ್ರೆಯಿಂದ ಫೋನ್ ಬಂದಾಗ ನೀನು ರಾಂಗ್ ನಂಬರ್ ಅಂದೆ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನನಗೆ ಎಲ್ಲಾ ಕೇಳಿಸಿತು. ನನ್ನ ರಿಪೋರ್ಟಿನ ವಿಷಯ ಕೇಳೋಕೆ ನಾನೇ ಹೊರಟಿದ್ದೀನಿ. ಭಯ ಆಗ್ತಿದೆ, ಈ ಅಕ್ಷರ ನೋಡಿದರೇ ತಿಳಿಯುತ್ತೆ.

ಬೇಡ, ಇವತ್ತು ಅಂಗಡಿಗೆ ಹೋಗಬೇಡ. ಎದ್ದ ಮೇಲೆ ಆಸ್ಪತ್ರೆಗೇ ಬಾ, ಪಕ್ಕದಲ್ಲಿ ಕೂತ್ಕೋ. ಕವರ್ ಮಾತ್ರ ಕಟ್ಟಬೇಡ.