ಐ.ಡಿ.ಹಳ್ಳಿಯ ಮೂವತ್ತೇಳು ಹೆಸರುಗಳು

ಮದ್ದಗಿರಿ
ಸಿದ್ಧಾರ್ಥಿ ಸಂವತ್ಸರದ ವೈಶಾಖ ಬಹುಳ ಷಷ್ಠಿ, ಮಂಗಳವಾರ
೨೦–೫–೧೯೧೯

ಪ್ರೀತಿಯ ಚನ್ನಮಲ್ಲಿಗೆ,

ನಿನ್ನ ಕಾಲಿನ ಊತ ಇಳಿಯಿತೆ? ಹೋದ ಪತ್ರದಲ್ಲಿ ಊತದ ವಿಷಯ ಬರೆದು, ಮರುಸಾಲಿನಲ್ಲೇ ಇನ್ನೂರು ಹಪ್ಪಳ ಒತ್ತಿದೆ ಎಂದು ಬರೆದಿದ್ದೀಯೆ. ಏಳು ತಿಂಗಳು ತುಂಬಿದವಳು ಮಣೆಯ ಮುಂದೆ ಅಷ್ಟು ಹೊತ್ತು ಯಾಕೆ ಕೂರಬೇಕು? ನಿನ್ನಕ್ಕ ಕಮಲಾಕ್ಷಮ್ಮನವರು ಸುಮ್ಮನಿದ್ದರೆ? ಅವರಿಗೆ ನಾನೇ ಹೇಳಿದೆನೆಂದು ಹೇಳು, ಬಾವಿಯ ಹತ್ತಿರಕ್ಕೂ ನಿನ್ನನ್ನು ಬಿಡಕೂಡದು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಒಂದು ಹೊತ್ತು ಮುದ್ದೆ ಬೇಯಿಸಿಕೊಳ್ಳುತ್ತೇನೆ, ಇನ್ನೊಂದು ಹೊತ್ತು ಅದನ್ನೇ ಮಜ್ಜಿಗೆಯಲ್ಲಿ ಕಿವುಚಿಕೊಳ್ಳುತ್ತೇನೆ. ನೀನು ನೆಟ್ಟ ಕರಿಬೇವಿನ ಗಿಡಕ್ಕೆ ಮುಖ ತೊಳೆದ ನೀರು ಹಾಕುತ್ತಿದ್ದೇನೆ, ಬದುಕಿದೆ. ಊರಿನಲ್ಲಿ ಬಾವಿಗಳು ತಳ ಕಾಣುತ್ತಿವೆ. ಬೆಟ್ಟದ ಕಲ್ಲು ಹಗಲೆಲ್ಲ ಕಾದು ಸಂಜೆಗೆ ಮನೆಯೊಳಕ್ಕೇ ಶಾಖ ಬಿಡುತ್ತದೆ.

ಹನ್ನೆರಡು ಮೈಲಿ ದೂರದ ಕೊರಟಗೆರೆಗೆ ಗಾಡಿ ಮಾಡಿಕೊಂಡು ಬರುವುದು ಬಿಟ್ಟು ಇವರು ಯಾಕೆ ಉದ್ದಕ್ಕೆ ಬರೆಯುತ್ತಿದ್ದಾರೆ ಎಂದು ನಿನಗೆ ಅನ್ನಿಸಬಹುದು. ಬರಲು ರಜೆಯಿಲ್ಲ ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ನಿನ್ನ ಮುಖ ನೋಡಿಕೊಂಡು ಈ ಸಂಗತಿ ಹೇಳುವ ಧೈರ್ಯ ನನಗಿಲ್ಲ. ಹೆರಿಗೆ ಆಗುವವರೆಗೂ ನಿನಗೆ ತಿಳಿಸಬಾರದೆಂದು ನಿನ್ನ ತಂದೆಯವರೇ ಹೇಳಿದ್ದರು. ಆದರೆ ಕೊರಟಗೆರೆಯ ಸಂತೆಗೆ ಇಲ್ಲಿಯ ಜನ ಬರುತ್ತಾರೆ, ಸುದ್ದಿ ನಿನ್ನ ಕಿವಿಗೆ ಬೀಳದೆ ಇರದು. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿಯಲಿ. ಗೋಡೆಗೊರಗಿ ಕೂತು ಓದು. ನಿನ್ನ ತಂದೆಯವರ ಆರೋಗ್ಯ ಚೆನ್ನಾಗಿದೆ, ಅದಕ್ಕೆ ಗಾಬರಿಯಾಗಬೇಡ.

ನಿನ್ನ ಗಂಡನಿಗೆ ಕಚೇರಿಯಲ್ಲಿ ಏನು ಕೆಲಸ ಎಂದು ನಿನ್ನಕ್ಕ ಕೇಳಿದಾಗ ‘ಬಡವರ ಗಂಜಿ ಅಳೆಯುತ್ತಾರೆ’ ಎಂದು ನೀನು ನಗುತ್ತ ಹೇಳಿದ್ದೆಯಂತೆ. ಅದು ಸರಿಯೇ. ಮಳೆ ಹೋದ ಮೇಲೆ ಸರ್ಕಾರದವರು ತೆರೆದ ಗಂಜಿಮನೆಗಳಿಂದ ಹತ್ತು ದಿನಕ್ಕೊಮ್ಮೆ ತಃಖ್ತೆ ಬರುತ್ತದೆ: ಎಷ್ಟು ಜನ ಉಂಡರು, ಎಷ್ಟು ರಾಗಿ ಬಿತ್ತು, ಎಷ್ಟು ಸೌದೆ. ತಲೆಗೆ ಎಷ್ಟು ಬಿತ್ತೆಂದು ಭಾಗಿಸಿ, ಮಂಜೂರಾದ ದರಕ್ಕೆ ಹೋಲಿಸಿ, ಮುಂದಿನ ಹತ್ತು ದಿನಕ್ಕೆ ಎಷ್ಟು ಬೇಕಾದೀತೆಂದು ಅಂದಾಜು ಮಾಡಿ, ಅಂಚಿನಲ್ಲಿ ನನ್ನ ಷರಾ ಬರೆದು ಸಾಹೇಬರ ಮೇಜಿಗೆ ಕಳಿಸಬೇಕು. ಜನರ ಮುಖ ನೋಡುವ ಕೆಲಸವಲ್ಲ. ಪುರವರದಲ್ಲಿ ಒಮ್ಮೆ ಇನ್ನೂರು, ಮುಂದಿನ ಸಲ ಇನ್ನೂರ ಮೂವತ್ತು, ಆಮೇಲೆ ನೂರ ತೊಂಬತ್ತು. ಕಳ್ಳಂಬೆಳ್ಳದಲ್ಲೂ ಹಾಗೆಯೇ ಏರಿಳಿತ. ನಿನ್ನ ತವರಿನ ಐ.ಡಿ.ಹಳ್ಳಿಯದು ಮಾತ್ರ ನಾಲ್ಕು ತಃಖ್ತೆಗಳಲ್ಲೂ ನೂರ ಎಂಬತ್ತನಾಲ್ಕು. ಯಾರೂ ಸಾಯಲಿಲ್ಲ, ಯಾರೂ ಗುಳೆ ಹೋಗಲಿಲ್ಲ, ಯಾರೂ ಹೊಸದಾಗಿ ಬರಲಿಲ್ಲ. ಬದುಕಿರುವ ಜನರ ಸಂಖ್ಯೆ ಹಾಗೆ ನಿಂತಲ್ಲೇ ನಿಲ್ಲುವುದಿಲ್ಲ, ಚನ್ನಿ. ಅದನ್ನು ಮೊದಲು ಕಂಡವನು ನಾನೇ. ಕಂಡಾಗ ಒಳಗೊಳಗೆ ಜಂಬವೂ ಆಯಿತು, ಸುಳ್ಳು ಹೇಳುವುದಿಲ್ಲ. ಆ ಗಂಜಿಮನೆಯ ಮೇಲ್ವಿಚಾರಣೆ ನಿನ್ನ ತಂದೆಯವರದು ಎಂಬುದು ನನ್ನ ತಲೆಗೆ ಬಂದದ್ದು ಆಮೇಲೆ.

ಊರಿನ ಮರಣದ ಪಟ್ಟಿ ತರಿಸಿದೆ. ಹೋದ ದಸರೆಯ ಹೊತ್ತಿಗೆ ಬಂದ ಆ ಜ್ವರದಲ್ಲಿ ಹೋದವರ ಹೆಸರುಗಳನ್ನು ಗಂಜಿಮನೆಯ ಪಟ್ಟಿಯ ಪಕ್ಕದಲ್ಲಿಟ್ಟು ಬೆರಳು ಓಡಿಸಿದೆ. ಜ್ವರಕ್ಕೆ ಮೊದಲು ಅಗ್ಗದ ಧಾನ್ಯಕ್ಕೆಂದು ಬರೆದಿಟ್ಟಿದ್ದ ಪಟ್ಟಿಯನ್ನೇ ಮಾವನವರು ಗಂಜಿಗೂ ಇಳಿಸಿಕೊಂಡಿದ್ದರು. ಮೂವತ್ತೇಳು ಹೆಸರು ಎರಡರಲ್ಲೂ ಇದ್ದವು. ಮೂವತ್ತೇಳು ಜನ ಸತ್ತವರು ನಲವತ್ತು ದಿನದಿಂದ ಗಂಜಿ ಕುಡಿಯುತ್ತಿದ್ದರು. ಸಾಹೇಬರು ಹೋಗಿ ನೋಡಿಕೊಂಡು ಬಾ ಎಂದರು. ಅಲ್ಲಿರುವವರು ನನ್ನ ಮಾವ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಬೇರೆ ಯಾರನ್ನಾದರೂ ಕಳಿಸುತ್ತಿದ್ದರೇನೋ. ಇದು ನನ್ನ ಮೊದಲ ತಪ್ಪು.

ನಾನು ಹೋದಾಗ ಮಧ್ಯಾಹ್ನ. ಕೆರೆ ಏರಿಯ ಕೆಳಗಿನ ಹುಣಿಸೆ ತೋಪಿನಲ್ಲಿ ಜನ ಸಾಲಾಗಿ ಕೂತಿದ್ದರು. ಅಡುಗೆಯ ಬೋರಯ್ಯ ಹಂಡೆ ತಿರುವುತ್ತಿದ್ದ. ಮಾವನವರು ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಹಾಗೆಯೇ, ಹಣೆಯ ವಿಭೂತಿ ಬೆವರಿನಲ್ಲಿ ಕರಗಿರಲು, ಹೆಸರು ಕೂಗುತ್ತಿದ್ದರು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. ‘ಲಕ್ಷ್ಮಕ್ಕ’ ಎಂದು ಕೂಗಿದರು. ನಿಮ್ಮ ಮನೆಗೆ ಮೊಸರು ತರುತ್ತಿದ್ದ ಲಕ್ಷ್ಮಕ್ಕ ನಿನಗೆ ನೆನಪಿದ್ದಾಳಲ್ಲ, ನಮ್ಮ ಮದುವೆಯಲ್ಲಿ ನನ್ನ ಕಿವಿ ಹಿಂಡಿದವಳು. ಅವಳು ಜ್ವರದಲ್ಲಿ ಹೋದಾಗ ನೀನು ಎರಡು ದಿನ ಊಟ ಬಿಟ್ಟಿದ್ದೆ. ಆ ಹೆಸರಿಗೆ ಇಪ್ಪತ್ತೈದರ ಒಂದು ಬಡಕಲು ಹೆಣ್ಣು, ಕಂಕುಳಲ್ಲಿ ಹೆಣ್ಣು ಕೂಸು ಎತ್ತಿಕೊಂಡು, ‘ಉನ್ನಾನು ಸಾಮಿ’ ಎಂದು ತೆಲುಗಿನಲ್ಲಿ ಹಾಜರಿ ಹೇಳಿ ಎದ್ದು ಬಂದು ಗಡಿಗೆ ಒಡ್ಡಿದಳು.

‘ಮಾವ, ಲಕ್ಷ್ಮಕ್ಕ ತೀರಿಕೊಂಡಳಲ್ಲ’ ಎಂದೆ. ಅವರು ತಲೆ ಎತ್ತಲಿಲ್ಲ. ‘ಹೌದು ಕಣಪ್ಪ. ಮೊದ್ಲು ಇವರ ಊಟ ಮುಗೀಲಿ, ಆಮೇಲೆ ಮಾತಾಡಾನ’ ಎಂದರು. ನಾನು ಆ ಹೆಂಗಸನ್ನು ಯಾವ ಊರೆಂದು ಕೇಳಿದೆ. ಅವಳು ಮಡಕಶಿರದ ಕಡೆಯವಳು, ಹೆಸರು ಆಂಜಿನಮ್ಮ. ‘ಈಡ ಆಂಜಿನಮ್ಮ ಅಂಟೆ ಗಂಜಿ ಲೇದು ಸಾಮಿ, ಲಕ್ಷ್ಮಕ್ಕ ಅಂಟೆ ಉಂದಿ’ ಎಂದಳು. ಆಂಜಿನಮ್ಮ ಎಂದರೆ ಗಂಜಿಯಿಲ್ಲ, ಲಕ್ಷ್ಮಕ್ಕ ಎಂದರೆ ಉಂಟು. ನನ್ನನ್ನು ಹೊಸ ಮೇಷ್ಟರೆಂದುಕೊಂಡಳೋ ಏನೋ, ಮುಚ್ಚಿಡಬೇಕೆಂದು ಅವಳಿಗೆ ತೋಚಲೇ ಇಲ್ಲ.

ನಿನಗೆ ಗೊತ್ತಿರುವಂತೆ ಸರಹದ್ದಿನ ಕಲ್ಲು ಅಲ್ಲಿಗೆ ಮೂರೇ ಮೈಲಿ. ಕಲ್ಲಿನ ಆಚೆ ಇಂಗ್ಲಿಷರ ಸೀಮೆ. ಅಲ್ಲಿಯ ಗಂಜಿಮನೆ ಇವರ ಹಳ್ಳಿಗಳಿಗೆ ಹದಿನೆಂಟು ಮೈಲಿ ದೂರವಂತೆ. ನಮ್ಮ ಗಂಜಿ ಸಂಸ್ಥಾನದ ಪ್ರಜೆಗಳಿಗೆ ಮಾತ್ರ ಎಂದು ನಿಯಮ. ಹೊರಗಿನವರು ಬಂದರೆ ಹಿಂದಕ್ಕೆ ಕಳಿಸಬೇಕು. ಮಾವನವರು ಕಳಿಸಿರಲಿಲ್ಲ. ಊಟ ಮುಗಿದ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು: ‘ಬಂದವರನ್ನ ಎರಡು ದಿನ ಹಿಂದಕ್ಕೆ ಕಳಿಸ್ದೆ. ಮೂರನೇ ದಿನ ಕೆರೆ ಏರಿ ಮೇಲೇ ಒಬ್ಬ ಮುದುಕ ಬಿದ್ದೋದ. ಸತ್ತೋರ ಹೆಸರು ಪಟ್ಟೀಲಿ ಸುಮ್ನೆ ಕೂತಿತ್ತು, ಹೊಟ್ಟೆ ಇವರ ಹತ್ರ ಇತ್ತು. ಎರಡನ್ನೂ ಸೇರಿಸ್ದೆ. ನಾನೇನೂ ಮನೆಗೆ ಒಯ್ದಿಲ್ಲ.’ ಒಯ್ದಿಲ್ಲವೆಂದು ನನಗೂ ಗೊತ್ತಿತ್ತು. ಅವರ ಅಡುಗೆಮನೆ ನೋಡಿದೆ, ಇಣುಕಿದರೆ ಸಾಕಾಗಿತ್ತು.

ಅವರು ನನ್ನಲ್ಲಿ ಕೇಳಿಕೊಂಡದ್ದು ಒಂದೇ. ‘ನೀನು ಬರೆಯೋದು ಬರಿ. ಸುಳ್ಳು ಬರಿ ಅಂತ ನಾನು ಹೇಳಲ್ಲ, ನಾನೇ ಮಗ್ಗಿ ಕಲಿಸಿದ ಊರಿದು. ಆದ್ರೆ ಇನ್ನು ಹದಿನೈದು ದಿನ ತಡೆದು ಬರಿ. ಅಷ್ಟರಲ್ಲಿ ಒಂದು ಮಳೆ ಬಿದ್ರೆ ಇವರು ತಮ್ಮ ಪಾಡಿಗೆ ತಾವು ಹೊಲಕ್ಕೆ ಹೋಗ್ತಾರೆ. ಆಮೇಲೆ ನನಗೇನು ಮಾಡ್ತಾರೋ ಮಾಡ್ಲಿ.’ ಹದಿನೈದು ದಿನ, ಚನ್ನಿ. ನಾನು ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅವರು ಕೊಟ್ಟ ಪಾನಕ ಕುಡಿದು ಎದ್ದು ಬಂದೆ.

ಮೂರನೆಯ ದಿನವೇ ಬರೆದು ಕೊಟ್ಟೆ. ನಿಯಮ ನಿಯಮವೇ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ನಿನ್ನೆದುರು ಆ ಮಾತು ಆಡಲಾರೆ. ಬೇರೆ ಯಾರಾದರೂ ಕಂಡುಹಿಡಿದರೆ ಅಳಿಯ ಮಾವನನ್ನು ಮುಚ್ಚಿಟ್ಟ ಎಂದಾಗುತ್ತದೆ, ಇಪ್ಪತ್ತೈದು ರೂಪಾಯಿಯ ಕೆಲಸ ಹೋಗುತ್ತದೆ, ಮಗು ಹುಟ್ಟುವ ವರ್ಷ ಎಂದು ಹೆದರಿದೆ. ಅಷ್ಟೇ ಇದ್ದದ್ದು. ಷರಾದಲ್ಲಿ ಎಲ್ಲವನ್ನೂ ಬರೆದೆ: ಹಸಿದವರು ಉಂಡಿದ್ದಾರೆ, ರಾಗಿ ಕಳುವಾಗಿಲ್ಲ, ಸರ್ಕಾರ ಇದನ್ನು ಮನ್ನಿಸಬಹುದು ಎಂದೂ ಬರೆದೆ. ಸಾಹೇಬರು ಆ ಕೊನೆಯ ಸಾಲುಗಳ ಮೇಲೆ ಕೆಂಪು ಗೀಟು ಎಳೆದು, ‘ಮೊತ್ತ ಹೇಳುವುದು ನಿಮ್ಮ ಕೆಲಸ, ಮರುಕ ಹೇಳುವುದಲ್ಲ’ ಎಂದು ಬರೆದು ವಾಪಸು ಕಳಿಸಿದರು. ಮೊತ್ತ ಹೇಳಿದೆ. ಮೂವತ್ತೇಳು ಜನ, ನಲವತ್ತು ದಿನ, ತಲೆಗೆ ಎರಡಾಣೆ, ನೂರ ಎಂಬತ್ತೈದು ರೂಪಾಯಿ.

ಮಾವನವರನ್ನಷ್ಟೇ ತೆಗೆದು ಬೇರೆಯವರನ್ನು ಹಾಕುತ್ತಾರೆ ಎಂದುಕೊಂಡಿದ್ದೆ. ವಿಚಾರಣೆ ಮುಗಿಯುವವರೆಗೆ ಗಂಜಿಮನೆಯನ್ನೇ ಮುಚ್ಚಿಬಿಟ್ಟರು. ನಮ್ಮ ಊರಿನವರೇ ನೂರ ನಲವತ್ತೇಳು ಜನರಿದ್ದರಲ್ಲ, ಅವರಿಗೆ ಪುರವರಕ್ಕೆ ಹೋಗಿ ಎಂದರು. ಕಣ್ಣು ಕಾಣದವರು, ಬಾಣಂತಿಯರು, ಅಷ್ಟು ದೂರ ಒಂದು ಹೊತ್ತಿನ ಗಂಜಿಗೆ ನಡೆಯಬೇಕು. ದಾಸ್ತಾನು ಅಳೆದು ಬೀಗ ಹಾಕಿಸಲು ಮೇ ಒಂಬತ್ತರಂದು ನನ್ನನ್ನೇ ಕಳಿಸಿದರು. ಸೇರಿನಿಂದ ಅಳೆಸಿದೆ. ಒಂದು ಸೇರೂ ಕಡಿಮೆಯಿರಲಿಲ್ಲ. ಬೋರಯ್ಯ ಹಂಡೆಯನ್ನು ಕವುಚಿ ಹಾಕಿ, ‘ಇಂಗೆ ಮಾಡ್ಬುಟ್ರಲ್ಲ ಬುದ್ದೀ, ಇವ್ರು ಈಗ ಎಲ್ಲಿಗೋಗ್ಬೇಕು’ ಎಂದ. ಸಿಟ್ಟಿನಿಂದ ಹೇಳಲಿಲ್ಲ, ನನಗೆ ಉತ್ತರ ಗೊತ್ತಿರಬಹುದು ಎಂಬಂತೆ ಕೇಳಿದ. ಜನ ಸಂಜೆಯವರೆಗೂ ತೋಪು ಬಿಟ್ಟು ಕದಲಲಿಲ್ಲ. ಆಂಜಿನಮ್ಮ ಕೂಸನ್ನು ಕಾಲಮೇಲೆ ಹಾಕಿಕೊಂಡು ಬೀಗದ ಕಡೆಗೇ ನೋಡುತ್ತ ಕೂತಿದ್ದಳು. ನಾನು ಅವಳ ಮುಂದೆಯೇ ಗಾಡಿ ಹತ್ತಿದೆ.

ನಿನ್ನ ತಂದೆಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಗಂಜಿಮನೆ ಮುಚ್ಚುವ ಹುಕುಮಿನ ಕಾಗದ ಓದಿ ಕನ್ನಡಕ ಮಡಿಸಿಟ್ಟು, ‘ನಿನ್ನ ಲೆಕ್ಕ ಸರಿಯಾಗಿದೆ ಕಣಪ್ಪ’ ಎಂದರು. ನನಗೆ ಅವರು ಪಾಠ ಹೇಳಿದವರಲ್ಲ, ಆದರೂ ಇಡೀ ತರಗತಿಯ ಮುಂದೆ ನಿಂತ ಹಾಗಾಯಿತು. ವಿಚಾರಣೆ ಜೂನ್ ಮೂರಕ್ಕೆ. ಹಣ ಕಟ್ಟಿದರೆ ಜೈಲಿನ ಮಾತು ಬರುವುದಿಲ್ಲ ಎನ್ನುತ್ತಾರೆ. ಸಾಕ್ಷಿ ಹೇಳಬೇಕಾದವನು ನಾನು. ಅಂದು ಮೊತ್ತದ ಜೊತೆಗೆ, ಸಾಹೇಬರು ಗೀಟು ಎಳೆದ ಸಾಲುಗಳನ್ನೂ ಬಾಯಲ್ಲಿ ಹೇಳುತ್ತೇನೆ. ಹೆಸರು ಕೂಗಿದ್ದು, ಮುದುಕ ಬಿದ್ದದ್ದು, ಒಂದು ಸೇರೂ ಕಡಿಮೆಯಿಲ್ಲದ್ದು, ಅವರು ನನ್ನ ಮಾವ ಎಂಬುದನ್ನು ನಾನು ಮುಚ್ಚಿಟ್ಟದ್ದು. ಆಮೇಲೆ ಕೆಲಸ ಉಳಿಯುತ್ತದೋ ಇಲ್ಲವೋ ಹೇಳಲಾರೆ. ಇದರಿಂದ ನಿನ್ನ ತಂದೆಯವರಿಗೆ ಉಪಕಾರವಾಗುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಮೋಡ ಬರುತ್ತವೆ, ಪಾವಗಡದ ಕಡೆಗೆ ಹೋಗುತ್ತವೆ. ನಿನ್ನೆಯೂ ಒಂದು ಹನಿ ಬೀಳಲಿಲ್ಲ.

ಇದನ್ನು ಓದಿ ನಿನಗೆ ನನ್ನ ಮೇಲೆ ಬೇಸರವಾದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬೇಡ, ಮಗುವಿಗೆ ಆಗಿಬರುವುದಿಲ್ಲ. ಕಮಲಾಕ್ಷಮ್ಮನವರಿಗೆ ಓದಿ ಹೇಳು. ಅವರಿಗೂ ಭಾವನವರಿಗೂ ನನ್ನ ಶರಣು. ಗುರುಬಸವನು ನಿನ್ನನ್ನೂ ಹೊಟ್ಟೆಯಲ್ಲಿರುವುದನ್ನೂ ಕಾಯಲಿ. ಹಪ್ಪಳದ ಮಣೆ ಸದ್ಯ ಅಟ್ಟದ ಮೇಲಿರಲಿ.

ಇಂತು ನಿನ್ನವನೇ ಆದ,
ನಂದೀಶ್ವರಯ್ಯ

ತಾ.ಕ. ಅಂಚೆಯ ಹೊತ್ತಾಯಿತು, ಮೇಲೆ ಬರೆಯಲು ಕೈ ಬರಲಿಲ್ಲ. ಪುರವರದ ನಮ್ಮ ಹಟ್ಟಿಯ ನೆಲದೊಳಗಿನ ಹಗೇವನ್ನು ಶನಿವಾರ ಬಾಯಿ ತೆಗೆಸಿ, ಒಂದು ದಿನ ಗಾಳಿಯಾಡಲು ಬಿಟ್ಟು, ಭಾನುವಾರ ರಾಗಿ ಮೇಲೆತ್ತಿಸಿದೆ. ಅದರಲ್ಲಿದ್ದದ್ದು ನಿನ್ನ ತಂದೆ ಅರಿಶಿನ ಕುಂಕುಮಕ್ಕೆಂದು ನಿನಗೆ ಬರೆದುಕೊಟ್ಟ ಹೊಲದ ರಾಗಿ, ನಿನ್ನ ಬಾಣಂತನಕ್ಕೆಂದು ಮುಚ್ಚಿಟ್ಟದ್ದು. ಐದು ಪಲ್ಲ, ಐನೂರು ಸೇರನ್ನೂ ಐ.ಡಿ.ಹಳ್ಳಿಗೆ ಕಳಿಸಿದ್ದೇನೆ. ಬೋರಯ್ಯ ಒಲೆ ಹಚ್ಚಿದ್ದಾನೆ. ಮಾವನವರು ಬಂದು ಕೂತಿದ್ದಾರಂತೆ, ನನ್ನ ವಿಷಯ ಏನೂ ಕೇಳಲಿಲ್ಲವಂತೆ. ಆಚೆ ಸೀಮೆಯ ಮೂವತ್ತೇಳು ಜನರಲ್ಲಿ ಸಿಕ್ಕವರು ಇಪ್ಪತ್ತೊಂಬತ್ತು. ಆಂಜಿನಮ್ಮ ಸಿಕ್ಕಿಲ್ಲ. ಅವಳ ಹಳ್ಳಿಗೂ ಆಳು ಕಳಿಸಿ ಕೇಳಿಸಿದೆ, ಅಲ್ಲಿಗೂ ಹೋಗಿಲ್ಲ. ದಿನಕ್ಕೆ ತಲೆಗೆ ಅರ್ಧ ಸೇರಿನಂತೆ ಇಪ್ಪತ್ತೊಂಬತ್ತು ಜನಕ್ಕೆ ಮೂವತ್ತನಾಲ್ಕು ದಿನ ಬರುತ್ತದೆ. ಪುರವರಕ್ಕೆ ನಡೆಯುತ್ತಿರುವ ನಮ್ಮ ಊರಿನವರಿಗೂ ಹಾಕುವಷ್ಟಿಲ್ಲ. ನಿನಗೆ ರಾಗಿ ಬೇಕಾಗುವುದು ಇನ್ನೆರಡು ತಿಂಗಳು ಕಳೆದ ಮೇಲೆ, ಎಲ್ಲಿಂದ ತರುತ್ತೇನೋ ಇನ್ನೂ ತಿಳಿಯದು. ಕೇಳಿದ್ದರೆ ನೀನು ಬೇಡ ಅನ್ನುತ್ತಿರಲಿಲ್ಲ ಎಂದು ನಂಬಿದ್ದೇನೆ. ಅಂದುಬಿಟ್ಟರೆ ಎಂದು ಹೆದರಿ ಕೇಳಲಿಲ್ಲ. ಬೈದಾದರೂ ಸರಿ, ಒಂದು ಕಾರ್ಡು ಬರೆ.